ಅಕ್ಕನ ಕಣ್ಣು, ಪಂಚಗಂಗಾ ರೈಲು

ಗುಲ್ವಾಡಿಯಲ್ಲಿ ಒಬ್ಬರ ಕಣ್ಣು ಗುಂಡಿಗೆ ಹೋದರೆ ಅದು ಇಡೀ ಊರಿನ ವಿಚಾರ. ಮಾವಿನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದರೆ ಒಬ್ಬರು, "ಹ್ವಾಯ್ ಟೀಚ್ರೆ, ಹುಷಾರಿಲ್ಯಾ?" ಅನ್ನುತ್ತಾರೆ. ಸೌಕೂರು ದೇವಸ್ಥಾನದ ಅಂಗಳದಲ್ಲಿ ಇನ್ನೊಬ್ಬರು, "ರಾತ್ರಿ ನಿದ್ರಿ ಬತ್ತಿಲ್ಯಾ?" ಅನ್ನುತ್ತಾರೆ. ಮೂರನೆಯವರು ಏನನ್ನೂ ಕೇಳುವುದಿಲ್ಲ, ಸಂಜೆ ಮನೆಗೆ ಬಂದು ಅರ್ಧ ಲೀಟರ್ ಹಾಲು ಇಟ್ಟು ಹೋಗುತ್ತಾರೆ. ಅಕ್ಕನಿಗೆ 63. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿ ನಿವೃತ್ತಳಾದವಳು. ನಿದ್ದೆ ಚೆನ್ನಾಗಿಯೇ ಬರುತ್ತದೆ, ಗೊರಕೆಗೆ ನಾನೇ ಸಾಕ್ಷಿ. ಊಟಕ್ಕೂ ಕುಂದಿಲ್ಲ. ಆದರೂ ಮುಖ ನೋಡಿದವರಿಗೆಲ್ಲ ಅವಳು ಈಗಷ್ಟೇ ಜ್ವರ ಬಿಟ್ಟು ಎದ್ದವಳಂತೆ ಕಾಣುತ್ತಾಳೆ.

ಊರಿನವರ ಮಾತನ್ನು ನಾಲ್ಕು ವರ್ಷ ನುಂಗಿಕೊಂಡಿದ್ದ ಅಕ್ಕನನ್ನು ಅಲ್ಲಾಡಿಸಿದ್ದು ನನ್ನ ಮಗನ ನಿಶ್ಚಿತಾರ್ಥದ ಫೋಟೊ. ಸೋದರತ್ತೆಯಾಗಿ ಎದುರಿಗೇ ನಿಂತಿದ್ದಳು. ರೇಷ್ಮೆ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕಣ್ಣಿರಬೇಕಾದ ಕಡೆ ಎರಡು ನೆರಳು. ಬಲಗಡೆಯದು ಇನ್ನೂ ಆಳ. ಆ ಬದಿಗೆ ದೀಪ ಇರಲಿಲ್ಲವೇನೋ ಎಂದುಕೊಂಡೆವು. ಅಕ್ಕ ಫೋಟೊವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕನ್ನಡಕ ತೆಗೆದು ಸೆರಗಿನಿಂದ ಬಲಗಡೆಯ ಗಾಜನ್ನು ಒರೆಸಿದಳು. ಅದು ಅವಳ ಹಳೆಯ ಅಭ್ಯಾಸ, ದಿನಕ್ಕೆ ಇಪ್ಪತ್ತು ಸಲ, ಬಲಗಡೆಯ ಗಾಜು ಮಾತ್ರ. ಕೊನೆಗೆ ಕೇಳಿದಳು: "ಮಾಣಿ, ನನ್ನ್ ಕಣ್ಣ್ ಇಷ್ಟ್ ಗುಂಡಿಗ್ ಹೋಯ್ತಾ?" ನನಗೆ 55 ತುಂಬಿದರೂ ಅವಳಿಗೆ ನಾನು ಮಾಣಿಯೇ. ಸುಳ್ಳು ಹೇಳಲು ತಡಮಾಡಿದೆ, ಅಷ್ಟರಲ್ಲಿ ಉತ್ತರ ಅವಳಿಗೆ ಗೊತ್ತಾಗಿಹೋಯಿತು.

ನ್ಯಾಯವಾಗಿ ಹೋಗಬೇಕಾದದ್ದು ಮಣಿಪಾಲಕ್ಕೆ. 1953ರಿಂದ ಅಲ್ಲಿ ವೈದ್ಯಕೀಯ ಕಾಲೇಜಿದೆ, ನಮ್ಮ ಸೀಮೆಯವರಿಗೆ ದೊಡ್ಡ ಕಾಯಿಲೆಗೆಲ್ಲ ಅದೇ ಕೊನೆಯ ನಿಲ್ದಾಣ. ಅಕ್ಕನ ತಕರಾರು ಬೇರೆ: ಅಲ್ಲಿ ಕಾರಿಡಾರಿನಲ್ಲಿ ಗುಲ್ವಾಡಿಯವರು ನಾಲ್ಕು ಜನರಾದರೂ ಸಿಗುತ್ತಾರೆ, "ಎಂತಕ್ ಬಂದದ್ದ್?" ಅಂದರೆ ಏನು ಹೇಳುವುದು? ಕಾಯಿಲೆಯಾದರೆ ಹೇಳಬಹುದು. ಚೆಂದಕ್ಕೆ ಬಂದೆ ಎಂದು ಹೇಳುವುದು ಹೇಗೆ? 1899ರಲ್ಲೇ 'ಇಂದಿರಾಬಾಯಿ' ಕಾದಂಬರಿ ಬರೆದು, ಅದರಲ್ಲಿ ವಿಧವೆಯೊಬ್ಬಳಿಗೆ ಮರುಮದುವೆ ಮಾಡಿಸಿದ ಗುಲ್ವಾಡಿ ವೆಂಕಟರಾಯರ ಹೆಸರಿನ ಹಿಂದೆ ನಿಂತಿರುವ ಊರು ನಮ್ಮದು. ಆದರೂ ಅರವತ್ತು ದಾಟಿದ ಟೀಚರು ಕಣ್ಣಿನ ಅಂದಕ್ಕೆ ಡಾಕ್ಟರ ಹತ್ತಿರ ಹೋಗಲು ಬೆಂಗಳೂರಿನಷ್ಟು ದೂರ ಬೇಕಾಯಿತು. ನನ್ನ ಮಗ ಎರಡು ಕಡೆ ಸಮಯ ಗೊತ್ತುಮಾಡಿದ.

ಕಂಡ್ಲೂರು ಸೇತುವೆ ದಾಟುವಾಗ ಇನ್ನೂ ಬೆಳಕಿದೆ. ಮಳೆಗಾಲ ಮುಗಿದು ವಾರಾಹಿ ತಿಳಿಯಾಗಿದ್ದಾಳೆ, ಒಂದು ದಡದಲ್ಲಿ ದರೆ ಜರಿದು ತೆಂಗಿನಮರದ ಬೇರು ಹೊರಗೆ ಕಾಣುತ್ತಿದೆ. ಬಸ್ರೂರು ಬಂತು. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಸೂರೆ ಮಾಡುವಷ್ಟು ಸಿರಿಯಿದ್ದ ಬಂದರು ಈಗ ಹೊತ್ತುಮುಳುಗುವ ಮುಂಚೆಯೇ ತೂಕಡಿಸುತ್ತಿದೆ. ಅಲ್ಲಿಂದ ಮೂಡ್ಲಕಟ್ಟೆಗೆ. ಕುಂದಾಪುರದ ರೈಲು ನಿಲ್ದಾಣ ಕುಂದಾಪುರದಲ್ಲಿಲ್ಲ, ಇಲ್ಲಿದೆ. ಪೇಟೆಯವರಿಗೆ ಇದೊಂದು ಪೀಡೆ, ನಮ್ಮಂಥ ಒಳನಾಡಿನವರಿಗೆ ಅಪರೂಪಕ್ಕೆ ಸಿಕ್ಕ ನ್ಯಾಯ.

ಐದು ಹೊಳೆಗಳು ಗಂಗೊಳ್ಳಿಯಲ್ಲಿ ಕೂಡುತ್ತವೆಂದು ರೈಲಿಗೆ ಪಂಚಗಂಗಾ ಎಂದು ಹೆಸರು. ಅಕ್ಕನಿಗೆ ಕೆಳಗಿನ ಬರ್ತು, ನನಗೆ ನಡುವಿನದು. ನಡುವಿನ ಬರ್ತಿನಲ್ಲಿ ಕೂರಲಾಗದು, ಮಲಗಿದರೆ ಮಗ್ಗುಲಾಗಲು ಮೂರು ಕಂತು ಬೇಕು. ಸುಬ್ರಹ್ಮಣ್ಯ ದಾಟಿ ಸಕಲೇಶಪುರದವರೆಗೆ 57 ಸುರಂಗಗಳಂತೆ. ಎಣಿಸುತ್ತೇನೆಂದು ಪಣ ತೊಟ್ಟೆ. ಕತ್ತಲೆಯಲ್ಲಿ ಸುರಂಗ ಯಾವುದು, ಘಟ್ಟದ ರಾತ್ರಿ ಯಾವುದು? ಸದ್ದು ಬದಲಾದಾಗ ಒಂದು ಎನ್ನುತ್ತ ಹತ್ತೊಂಬತ್ತಕ್ಕೆ ನಿದ್ದೆಹೋದೆ. ರಾತ್ರಿ ಒಮ್ಮೆ ಕಣ್ಣುಬಿಟ್ಟರೆ ಅಕ್ಕ ಎದ್ದು ಕೂತು, ರೈಲಿನ ಕುಲುಕಾಟಕ್ಕೆ ತಾಳ ಕೂಡಿಸಿ, ಬಲಗಣ್ಣಿಗೆ ಹನಿ ಬಿಟ್ಟುಕೊಳ್ಳುತ್ತಿದ್ದಾಳೆ. ಆ ಕಣ್ಣಿನಲ್ಲಿ ಒತ್ತಡ ಜಾಸ್ತಿ ಇದೆ, ಗ್ಲಾಕೋಮಾ ಎಂದು ನಾಲ್ಕು ವರ್ಷದ ಹಿಂದೆ ಡಾಕ್ಟರು ಹೇಳಿದ್ದರು. ಅಂದಿನಿಂದ ದಿನವೂ ಮಲಗುವ ಮುನ್ನ ಒಂದು ಹನಿ, ತಪ್ಪಿಸಿದ್ದಿಲ್ಲ.

ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತಿದೆವು. ಎಸ್ಕಲೇಟರ್ ಮುಂದೆ ಅಕ್ಕ ಹೊಳೆ ದಾಟುವವಳಂತೆ ಸೀರೆ ತುಸು ಎತ್ತಿ ಹಿಡಿದು ನಿಂತುಬಿಟ್ಟಳು, ಹಿಂದೆ ಇಪ್ಪತ್ತು ಜನ. ಮುಂದಿನ ನಿಲ್ದಾಣದ ಹೆಸರು ಕೇಳಿ ಇಬ್ಬರಿಗೂ ಖುಷಿ: ಸ್ಯಾಂಡಲ್ ಸೋಪ್ ಫ್ಯಾಕ್ಟರಿ! 1916ರಲ್ಲಿ ಮೈಸೂರು ಸರ್ಕಾರವೇ ಗಂಧದ ಸಾಬೂನು ಮಾಡಲು ಹೊರಟಿತ್ತು. ಸರ್ಕಾರವೇ ಚೆಂದದ ಕೆಲಸಕ್ಕೆ ಕೈಹಾಕಿರುವಾಗ ಅಕ್ಕನದೇನು ತಪ್ಪು? ಮೆಜೆಸ್ಟಿಕ್ ಹತ್ತಿರವಾಗುತ್ತಿದ್ದಂತೆ ರೈಲು ನೆಲದೊಳಗೆ ಇಳಿಯುತ್ತದೆ, ಕಿಟಕಿ ಇದ್ದಕ್ಕಿದ್ದಂತೆ ಕನ್ನಡಿಯಾಗುತ್ತದೆ. ಅಕ್ಕ ತನ್ನ ಮುಖ ನೋಡಿಕೊಂಡು ಬೇಸರದಿಂದ ಕಣ್ಣು ತಿರುಗಿಸಿದವಳು ಮತ್ತೆ ನೋಡಿದಳು. ಈ ಸಲ ಅಕ್ಕಪಕ್ಕದವರನ್ನು. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿದ ಹುಡುಗ, ಕಾಲೇಜಿನ ಹುಡುಗಿ, ಎಲ್ಲರ ನೆತ್ತಿಯ ಮೇಲೂ ಬಿಳಿ ದೀಪ, ಎಲ್ಲರ ಕಣ್ಣ ಕೆಳಗೂ ಗುಂಡಿ. "ಕಾಣ್ ಮಾಣಿ, ಇವ್ರಿಗೆಲ್ಲ ಇಪ್ಪತ್ತೈದೂ ಆಯ್ಲಿಲ್ಲೆ," ಎಂದು ಪಿಸುಗುಟ್ಟಿದಳು.

ಮೊದಲನೆಯ ಜಾಗ ಕ್ಲಿನಿಕ್ಕೋ ಒಡವೆ ಅಂಗಡಿಯೋ ತಿಳಿಯಲಿಲ್ಲ. ಬಿಳಿ ಸೋಫಾ, ಬಿಳಿ ಹೂವು, ಗಾಜಿನ ಲೋಟದಲ್ಲಿ ಪುದೀನ ಎಲೆ ಬಿಟ್ಟ ನೀರು. ಅಕ್ಕ ಎಲೆಯನ್ನು ಬೆರಳಿನಿಂದ ತೆಗೆದು ಬದಿಗಿಟ್ಟು ನೀರು ಕುಡಿದಳು. ಡಾಕ್ಟರು ಬರಲಿಲ್ಲ, ಕೌನ್ಸೆಲರ್ ಎಂಬ ಚಂದದ ಹುಡುಗಿ ಟ್ಯಾಬ್ಲೆಟ್ ಹಿಡಿದು ಬಂದಳು. ಮ್ಯಾಮ್‌ಗೆ ಎರಡು ಸಿರಿಂಜ್ ಫಿಲ್ಲರ್ ಬೇಕು, ಜೊತೆಗೆ ಅವರ ರಕ್ತದಿಂದಲೇ ತೆಗೆದ ಪಿಆರ್‌ಪಿ ನಾಲ್ಕು ಸಲ, ಮೇಲೆ ಲೇಸರ್, ಎಲ್ಲ ಸೇರಿ ಒಂದು ಪ್ಯಾಕೇಜು, ಕಂತಿನಲ್ಲೂ ಕಟ್ಟಬಹುದು. ಒಂದು ಸಿರಿಂಜ್ ಅಂದರೆ ಒಂದು ಎಂಎಲ್, ಚಹಾ ಚಮಚದ ಐದನೇ ಒಂದು ಪಾಲು. ಬೆಲೆ 28 ಸಾವಿರ. ಅಕ್ಕ ಮನಸ್ಸಿನಲ್ಲೇ ತೆಂಗಿನಕಾಯಿಗೆ ಪರಿವರ್ತಿಸುತ್ತಿರುವುದು ತುಟಿಯಲ್ಲಿ ಕಾಣುತ್ತಿತ್ತು. "ಪ್ಲಸ್ ಜಿಎಸ್‌ಟಿ," ಎಂದಳು ಹುಡುಗಿ. ಚಿಕಿತ್ಸೆಗೆ ತೆರಿಗೆಯಿಲ್ಲ ಎಂದು ನಾನು ವಾದಿಸಿದೆ. ಕಾಯಿಲೆಗೆ ಇಲ್ಲ ಸರ್, ಚೆಂದಕ್ಕೆ ನೂರಕ್ಕೆ 18. ಅವಳ ಮಾತು ನಿಜ. ಅಪಘಾತದಲ್ಲಿ ಕೆಟ್ಟದ್ದನ್ನೋ ಹುಟ್ಟಿನಿಂದ ಬಂದದ್ದನ್ನೋ ಸರಿಪಡಿಸಿದರೆ ವಿನಾಯಿತಿ. ವಯಸ್ಸು ಕೆಡಿಸಿದ್ದನ್ನು ಸರ್ಕಾರ ಹಾನಿಯೆಂದು ಒಪ್ಪುವುದಿಲ್ಲ. ಯೋಚಿಸುತ್ತೇವೆ ಎಂದು ಎದ್ದೆವು. ಮೆಟ್ಟಿಲಿಳಿಯುವಾಗ ನನಗೆ 2022ರ ಮೇ ತಿಂಗಳ ಸುದ್ದಿ ನೆನಪಾಯಿತು: ಇದೇ ಊರಿನಲ್ಲಿ ಕೊಬ್ಬು ಇಳಿಸಿಕೊಳ್ಳಲು ಹೋದ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಿದ್ದಳು. ಅಕ್ಕನಿಗೆ ಹೇಳಲಿಲ್ಲ.

ಎರಡನೆಯದಕ್ಕೆ ಮಧ್ಯಾಹ್ನದವರೆಗೆ ಹೊತ್ತಿತ್ತು. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಸಾಲು ನಿಂತೆವು. 1924ರಲ್ಲಿ ಕೋಟದ ಬದಿಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ಶುರುಮಾಡಿದ್ದು, ಅಂದರೆ ನಮ್ಮ ಕಡೆಯವರದ್ದೇ. ಆದರೂ ಒಳಗೆ ಬಿಡಲು ಮುಕ್ಕಾಲು ಗಂಟೆ. ದೋಸೆಯ ಮೇಲೆ ಅಕ್ಕನ ತೀರ್ಪು: ತುಪ್ಪ ಜಾಸ್ತಿ, ನೆಂಟಸ್ತಿಕೆ ಕಮ್ಮಿ.

ಎರಡನೆಯವರು ಕಣ್ಣಿನ ಡಾಕ್ಟರು, ಅದರಲ್ಲೂ ರೆಪ್ಪೆ ಮತ್ತು ಕಣ್ಣಿನ ಸುತ್ತಲಿನ ಶಸ್ತ್ರಚಿಕಿತ್ಸೆಯನ್ನೇ ಮಾಡುವವರು. ಆಕ್ಯುಲೋಪ್ಲಾಸ್ಟಿ ಅನ್ನುತ್ತಾರಂತೆ. ಹೀಗೊಂದು ಜಾತಿಯ ಡಾಕ್ಟರು ಇದ್ದಾರೆಂದೇ ನಮಗೆ ಗೊತ್ತಿರಲಿಲ್ಲ. ಇಲ್ಲಿ ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಅಕ್ಷರಗಳ ಪಟ್ಟಿ. ಟೋಕನ್ ಕರೆಯುವವನು ಗುಲ್ವಾಡಿಯನ್ನು ಮೂರು ಬೇರೆ ಬೇರೆ ರೀತಿಯಲ್ಲಿ ಕೂಗಿದ. ನಡುವಯಸ್ಸಿನ ಡಾಕ್ಟರಮ್ಮ ಮೊದಲು ಮಾಡಿದ್ದು ಕೋಣೆಯ ದೀಪ ಆರಿಸುವ ಕೆಲಸ.

ಅಕ್ಕನ ಕೈಗೆ ಕನ್ನಡಿ ಕೊಟ್ಟು, ಸಣ್ಣ ಟಾರ್ಚನ್ನು ಅವಳ ನೆತ್ತಿಯ ಮೇಲೆ ಹಿಡಿಯುತ್ತಾರೆ. ಕಣ್ಣೆರಡೂ ಬಾವಿಯಂತೆ ಒಳಗಿಳಿದು ಕಪ್ಪಾಗುತ್ತವೆ. ಟಾರ್ಚು ಮೆಲ್ಲಗೆ ಹಣೆಯ ಮುಂದೆ ಬರುತ್ತದೆ, ಮೂಗಿನ ಮಟ್ಟಕ್ಕೆ ಇಳಿಯುತ್ತದೆ. ಬಾವಿ ತುಂಬುತ್ತ ಬರುತ್ತದೆ. ನೇರ ಎದುರಿಗೆ ಬಂದಾಗ ಬಲಗಣ್ಣಿನ ಕೆಳಗೆ ತೆಳುಗೆರೆಯೊಂದು ಬಿಟ್ಟರೆ ಏನೂ ಇಲ್ಲ. ಹತ್ತು ವರ್ಷ ಹಿಂದಿನ ಅಕ್ಕ ಕೂತಿದ್ದಾಳೆ. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. "ಇಷ್ಟು ನೆರಳು, ಇಷ್ಟು ನಿಜವಾದ ಗುಂಡಿ," ಎಂದರು ಡಾಕ್ಟರಮ್ಮ. "ಬರೀ ಬಣ್ಣ ಕಪ್ಪಾಗಿದ್ದರೆ ಟಾರ್ಚ್ ಎಲ್ಲಿ ಹಿಡಿದರೂ ಕಪ್ಪಾಗೇ ಇರುತ್ತೆ. ನಿಮ್ಮದು ಬಣ್ಣ ಅಲ್ಲ."

ಮೇಜಿನ ಮೇಲೆ ಪ್ಲಾಸ್ಟಿಕ್ ತಲೆಬುರುಡೆಯೊಂದಿತ್ತು. ಕಣ್ಣಿನ ಗೂಡಿನ ಅಂಚಿನ ಮೇಲೆ ಪೆನ್ನು ಆಡಿಸುತ್ತ ಹೇಳತೊಡಗಿದರು. ವಯಸ್ಸಾದಂತೆ ಈ ಮೂಳೆಯೇ ಸವೆದು ಗೂಡು ಅಗಲವಾಗುತ್ತದೆ, ಮುಖ್ಯವಾಗಿ ಮೇಲೆ ಮೂಗಿನ ಬದಿಗೆ, ಕೆಳಗೆ ಕಿವಿಯ ಬದಿಗೆ. ಕಂಡ್ಲೂರಿನ ಜರಿದ ದರೆ ನನ್ನ ಕಣ್ಣಮುಂದೆ ಬಂತು. ಮೂಳೆ ಹೋದಲ್ಲಿ ಆಧಾರ ಹೋಗುತ್ತದೆ, ಕೆನ್ನೆಯ ಕೊಬ್ಬು ಕರಗುತ್ತದೆ, ಉಳಿದದ್ದು ಕೆಳಗೆ ಜಾರುತ್ತದೆ. ರೆಪ್ಪೆಯ ಚರ್ಮವಂತೂ ಅರ್ಧ ಮಿಲಿಮೀಟರಿನಷ್ಟು, ಮೈಯಲ್ಲೆಲ್ಲ ಅತಿ ತೆಳು, ಒಳಗಿನದನ್ನು ಮುಚ್ಚಿಡಲಾರದು. ಕಣ್ಣಿನ ಒಳಮೂಲೆಯಿಂದ ಕೆನ್ನೆಗೆ ಇಳಿಯುವ ಗೆರೆಯಲ್ಲಿ ಚರ್ಮವನ್ನು ಮೂಳೆಗೆ ಬಿಗಿದ ನಾರೊಂದಿದೆ. ಹತ್ತಿಯ ಹಾಸಿಗೆಗೆ ಹೊಲಿಗೆ ಹಾಕಿದ ಕಡೆ ಹೇಗೆ ಕುಳಿ ಬೀಳುತ್ತದೋ ಹಾಗೆ. ಕೆಲವರಿಗೆ ಗುಂಡಿಯ ಮೇಲ್ಬದಿಯಲ್ಲಿ ಒಳಗಿನ ಕೊಬ್ಬು ಮುಂದಕ್ಕೆ ಉಬ್ಬಿ ಚೀಲವಾಗುತ್ತದೆ, ಪಕ್ಕದಲ್ಲಿ ದಿಬ್ಬ ಎದ್ದರೆ ತಗ್ಗು ಇನ್ನೂ ತಗ್ಗಾಗಿ ಕಾಣುತ್ತದೆ.

ಅಕ್ಕ ತನ್ನ ಮನೆಮದ್ದಿನ ಪಟ್ಟಿ ಒಪ್ಪಿಸಿದಳು: ಮುಳ್ಳುಸೌತೆ, ಹಾಲಿನ ಕೆನೆ, ಮೊಮ್ಮಗಳು ತಂದ ಕ್ರೀಮು. ಸೌತೆ ತಂಪು, ಊತ ಇದ್ದರೆ ಸ್ವಲ್ಪ ಇಳಿಯುತ್ತದೆ. ರೆಟಿನಾಲ್ ಇರುವ ಕ್ರೀಮಿನಿಂದ ಚರ್ಮ ತಿಂಗಳುಗಟ್ಟಲೆಯಲ್ಲಿ ತುಸು ಗಟ್ಟಿಯಾಗುತ್ತದೆ. ಆದರೆ ಮಣ್ಣು ಕೊಚ್ಚಿಹೋದ ಗದ್ದೆಗೆ ಸುಣ್ಣ ಬಳಿದರೆ ಕಂಟ ಏಳುವುದಿಲ್ಲ. ಈ ಹೋಲಿಕೆ ನನ್ನದು, ಡಾಕ್ಟರಮ್ಮ ನಕ್ಕು ಒಪ್ಪಿದರು. ಮರೆಮಾಚುವುದಾದರೆ ಕಿತ್ತಳೆ ಛಾಯೆಯ ಬಣ್ಣ ಕೆಳಗೆ ಹಚ್ಚಿ ಮೇಲೆ ಚರ್ಮದ ಬಣ್ಣ ಹಚ್ಚಬಹುದು ಎಂದರು. ಅಕ್ಕ ಅರಳಿದಳು. ಸೌಕೂರು ಯಕ್ಷಗಾನ ಮೇಳದ ಚೌಕಿಯನ್ನು ಅವಳು ಲಂಗದ ಕಾಲದಿಂದ ಇಣುಕಿ ನೋಡಿದವಳು. ಅರವತ್ತರ ಕಲಾವಿದ ಪೆಟ್ಟಿಗೆಯ ಮುಂದೆ ಕೂತು, ಕೈಗನ್ನಡಿ ಹಿಡಿದು, ಸಫೇತಕ್ಕೆ ಅರದಾಳ, ಇಂಗಳೀಕ ಬೆರೆಸಿ ಮುಖಕ್ಕೆ ತೀಡಿದರೆ ಅರ್ಧ ಗಂಟೆಯಲ್ಲಿ ಹದಿನಾರರ ಅಭಿಮನ್ಯು. ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ಮತ್ತೆ ಅಜ್ಜ.

ಇನ್ನು ತುಂಬಿಸುವ ವಿದ್ಯೆ. ಸಿರಿಂಜಿನಲ್ಲಿರುವುದು ಹೈಯಲುರಾನಿಕ್ ಆಸಿಡ್ ಎಂಬ ಅಂಟಂಟಾದ ಜೆಲ್ಲು, ನಮ್ಮ ಮೈಯಲ್ಲೇ ಇರುವ ಪದಾರ್ಥ. ಅದರ ಹುಟ್ಟಿನ ಕಥೆ ಕೇಳಿ ನಾನು ನೋಟ್‌ಬುಕ್ ತೆಗೆದೆ. 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬಿಬ್ಬರು ಅದನ್ನು ಮೊದಲು ತೆಗೆದದ್ದು ಹಸುವಿನ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ. ಕಣ್ಣಿನಿಂದ ಹೊರಟದ್ದು ತೊಂಬತ್ತು ವರ್ಷದಲ್ಲಿ ಕಣ್ಣಿನ ಕೆಳಗೆ ಬಂದು ನಿಂತಿದೆ! ನಡುವೆ ಅದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಬ್ಯಾಕ್ಟೀರಿಯಾ ಹುದುಗಿಸಿ ತಯಾರಿಸುತ್ತಾರೆ. "ಕೋಳಿ ಜುಟ್ಟಾ?" ಎಂದಳು ಅಕ್ಕ. ಕೋಳಿ ಅಂಕದ ಹುಂಜಗಳನ್ನು ಮಕ್ಕಳಿಗಿಂತ ಮುದ್ದಾಗಿ ಸಾಕುವ ಮನೆ ನಮ್ಮ ಆಚೆ ಬದಿಗೇ ಇದೆ. ಊರಿಗೆ ಹೋದ ಮೇಲೆ ಆ ಹುಂಜಗಳನ್ನು ಅವಳು ಬೇರೆಯೇ ಗೌರವದಿಂದ ನೋಡುತ್ತಾಳೆಂದು ನನಗೆ ಆಗಲೇ ಗೊತ್ತಾಯಿತು.

ಮರಗಟ್ಟಿಸುವ ಕ್ರೀಮು ಹಚ್ಚಿ, ಮೊಂಡು ತುದಿಯ ಕೊಳವೆಯಿಂದ, ಮೂಳೆಗೆ ಅಂಟಿದಂತೆ ತೀರಾ ಸ್ವಲ್ಪ ಸ್ವಲ್ಪವೇ ತುಂಬುತ್ತಾರೆ. ಹೆಚ್ಚಿನವರಿಗೆ ಬದಿಗೆ ಅರ್ಧ ಎಂಎಲ್ ಸಾಕು. ವರ್ಷ, ಒಂದೂವರೆ ವರ್ಷ ನಿಲ್ಲುತ್ತದೆ. ಕಣ್ಣಿನ ಕೆಳಗಿನ ಗುಂಡಿಗೆಂದೇ ಅಮೆರಿಕ ಇಂಥದೊಂದು ಜೆಲ್ಲಿಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ, ಅಲ್ಲಿಯವರೆಗೆ ಡಾಕ್ಟರುಗಳು ತಮ್ಮ ವಿವೇಚನೆಯ ಮೇಲೆ ಹಾಕುತ್ತಿದ್ದರು. ಚರ್ಮಕ್ಕೆ ತೀರಾ ಹತ್ತಿರ ಹಾಕಿದರೆ ಬೆಳಕು ಚದುರಿ ನೀಲಿ ಕಾಣುತ್ತದೆ. ರಕ್ತನಾಳದೊಳಗೆ ಹೋದರೆ ಇನ್ನೂ ದೊಡ್ಡ ಅಪಾಯ: ಮುಖದ ನಾಳಗಳಿಗೂ ಕಣ್ಣಿನ ನಾಳಗಳಿಗೂ ಒಳದಾರಿಗಳಿವೆ, ಬಲು ಅಪರೂಪಕ್ಕೆ ದೃಷ್ಟಿಯೇ ಹೋದದ್ದಿದೆ. ಜೆಲ್ಲನ್ನು ಕರಗಿಸುವ ಹೈಯಲುರಾನಿಡೇಸ್ ಕೈಗೆಟುಕುವಲ್ಲಿ ಇಲ್ಲದ ಜಾಗದಲ್ಲಿ ಕೂರಲೇಬಾರದು ಎಂದರು. ಬೆಳಗಿನ ಬಿಳಿ ಸೋಫಾ ನೆನಪಾಯಿತು. ಅಲ್ಲಿ ಇದರ ಸುದ್ದಿಯೇ ಬಂದಿರಲಿಲ್ಲ.

ಜೆಲ್ಲು ಬೇಡದವರಿಗೆ ಅವರದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ತೆಗೆದು ಕಸಿ ಮಾಡುತ್ತಾರೆ. 1893ರಲ್ಲಿ ನಾಯ್ಬರ್ ಎಂಬ ಜರ್ಮನ್ ಸರ್ಜನ್ ತೋಳಿನ ಕೊಬ್ಬನ್ನು ಮುಖದ ಕುಳಿಗೆ ತುಂಬಿದಲ್ಲಿಂದ ಈ ದಾರಿ ತೆರೆಯಿತು. ಆದರೆ ನೆಟ್ಟದ್ದೆಲ್ಲ ಚಿಗುರುವುದಿಲ್ಲ, ಒಂದಷ್ಟು ಕರಗಿಹೋಗುತ್ತದೆ, ಎಷ್ಟೆಂದು ಮೊದಲೇ ಹೇಳಲಾಗದು. ಚೀಲ ಬಿದ್ದವರಿಗೆ ಶಸ್ತ್ರಚಿಕಿತ್ಸೆ: ಉಬ್ಬಿದ ಕೊಬ್ಬನ್ನು ಕತ್ತರಿಸಿ ಎಸೆಯದೆ ಕೆಳಗಿನ ತಗ್ಗಿಗೆ ಹಾಸುತ್ತಾರೆ. ದಿಬ್ಬದ ಮಣ್ಣು ಗುಂಡಿಗೆ. ನಮ್ಮೂರಿನಲ್ಲಿ ಮನೆ ಕಟ್ಟುವವರೆಲ್ಲ ಮಾಡುವುದೇ ಇದು.

ಇಷ್ಟು ಹೇಳುವ ಹೊತ್ತಿಗೆ ಡಾಕ್ಟರಮ್ಮ ಸುಮ್ಮನಾಗಿ ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಕನ್ನಡಕ ತೆಗೆದು ಬಲಗಡೆಯ ಗಾಜು ಒರೆಸುತ್ತಿದ್ದಳು.

"ಟೀಚರ್, ಬಲಗಣ್ಣಿಗೆ ಏನಾದ್ರೂ ಹನಿ ಹಾಕ್ತೀರಾ?"

ಅಕ್ಕ ಚೀಲದಿಂದ ಬಾಟಲಿ ತೆಗೆದುಕೊಟ್ಟಳು. ಬೈಮ್ಯಾಟೊಪ್ರಾಸ್ಟ್. ಡಾಕ್ಟರಮ್ಮ ಸಣ್ಣ ಸ್ಕೇಲಿನಿಂದ ಎರಡೂ ಕಣ್ಣಿನ ರೆಪ್ಪೆಗೂದಲನ್ನು ಅಳೆದು ನನ್ನನ್ನು ಹತ್ತಿರ ಕರೆದರು. ಬಲಗಣ್ಣಿನ ಕೂದಲು ಎಡದ್ದಕ್ಕಿಂತ ಉದ್ದ, ಕಪ್ಪು, ದಟ್ಟ, ತುದಿ ಮೇಲಕ್ಕೆ ಬಾಗಿದೆ. ಕಣ್ಣು ಮಿಟುಕಿಸಿದಾಗೆಲ್ಲ ಕನ್ನಡಕದ ಗಾಜಿಗೆ ತಾಗುತ್ತದೆ. ನಾಲ್ಕು ವರ್ಷ ಒಂದೇ ಮನೆಯಲ್ಲಿ ಒಟ್ಟಿಗೆ ಉಂಡ ನಾನು ಇದನ್ನು ನೋಡಿರಲಿಲ್ಲ. ಒತ್ತಡ ಇಳಿಸುವ ಈ ಹನಿ ಕೂದಲನ್ನು ಬೆಳೆಸುತ್ತದೆ. ಎಷ್ಟರಮಟ್ಟಿಗೆಂದರೆ ಅಮೆರಿಕದಲ್ಲಿ 2008ರಲ್ಲಿ ಇದನ್ನೇ ರೆಪ್ಪೆಗೂದಲಿನ ಚೆಂದಕ್ಕೂ ಮಾರಲು ಒಪ್ಪಿಗೆ ಸಿಕ್ಕಿತು. ಅದೇ ಹನಿ ಕೆಲವರಲ್ಲಿ ಕಣ್ಣಿನ ಸುತ್ತಲಿನ ಕೊಬ್ಬನ್ನು ಕರಗಿಸುತ್ತದೆ, ಮೇಲ್ರೆಪ್ಪೆ ಒಳಗಿಳಿಯುತ್ತದೆ. ಇದನ್ನು ವೈದ್ಯರು ಮೊದಲು ಬರೆದದ್ದು 2004ರಲ್ಲಿ. ಫೋಟೊದಲ್ಲಿ ಬಲಗಣ್ಣು ಆಳವಾದದ್ದು ದೀಪದ ತಪ್ಪಲ್ಲ.

"ಹಂಗಾರೆ ಇವತ್ತೇ ನಿಲ್ಸುದಾ?" ಎಂದಳು ಅಕ್ಕ.

ಡಾಕ್ಟರಮ್ಮನ ದನಿ ಗಟ್ಟಿಯಾಯಿತು. ಒಂದು ದಿನವೂ ನಿಲ್ಲಿಸಕೂಡದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ, ಗುಂಡಿ ಬಿದ್ದರೂ ನೋಡುವ ಕಣ್ಣು ಮುಖ್ಯ. ಗ್ಲಾಕೋಮಾ ನೋಡುವವರಿಗೆ ಪತ್ರ ಕೊಡುತ್ತೇನೆ, ಬೇರೆ ಗುಂಪಿನ ಹನಿಗೆ ಬದಲಿಸಲು ಆಗುತ್ತದೋ ಅವರು ಹೇಳಲಿ. ಬದಲಿಸಿದರೆ ಕೆಲವು ತಿಂಗಳಲ್ಲಿ ಮೇಲಿನ ಗುಂಡಿ ಒಂದಿಷ್ಟು ತಾನಾಗಿಯೇ ತುಂಬಿಕೊಳ್ಳಬಹುದು. ವಯಸ್ಸು ಮಾಡಿದ್ದು ಹಾಗೇ ಉಳಿಯುತ್ತದೆ, ಅದಕ್ಕೆ ಅರ್ಧ ಸಿರಿಂಜು ಬೇಕೋ ಬೇಡವೋ ಆಗ ನೋಡೋಣ. ಇವತ್ತು ಏನೂ ಬೇಡ.

ಒಂದೂವರೆ ನಿಮಿಷದಲ್ಲಿ ಎರಡು ಸಿರಿಂಜಿನ ಹಣ ಉಳಿದದ್ದಕ್ಕೆ ನಾನು ಹಿಗ್ಗಿದ್ದೆ. ಅಕ್ಕನಿಗೆ ಸ್ವಲ್ಪ ನಿರಾಶೆ. ಇಷ್ಟು ದೂರ ಬಂದು ಒಂದು ಚೀಟಿ ಹಿಡಿದು ಹೋಗುವುದೇ? ಆಟೋದಲ್ಲಿ ಮಾತಾಡಲಿಲ್ಲ. ಆಮೇಲೆ ಅವಳಾಗಿಯೇ ಹೇಳಿದಳು, "ಹನಿ ಬದ್ಲ್ ಮಾಡ್ರೆ ರೆಪ್ಪಿ ಕೂದ್ಲ್ ಉದುರ್‌ತಿತ್ತಾ ಕೇಣ್‌ಕಾಯಿತ್ತ್."

ರಾತ್ರಿ ಮತ್ತೆ ಪಂಚಗಂಗಾ. ಈ ಸಲ ನನಗೆ ಮೇಲಿನ ಬರ್ತು, ಫ್ಯಾನು ತಿರುಗುತ್ತಿರಲಿಲ್ಲ. ಕೆಳಗಿಳಿದು ಅಕ್ಕನ ಪಕ್ಕ ಕೂತೆ. ಅವಳು ಕೈಚೀಲದಿಂದ ಸಣ್ಣ ಕನ್ನಡಿ ತೆಗೆದು ಹೇಳಿದಳು, ಡಾಕ್ಟರಮ್ಮ ಹಿಡಿದ ಹಾಗೆ ಹಿಡಿ ಕಾಂಬ. ಮೊಬೈಲಿನ ಟಾರ್ಚು ಹೊತ್ತಿಸಿದೆ. ರೈಲು ಕುಲುಕಿ ಕೈ ಜಾರಿ ಬೆಳಕು ಅವಳ ಗದ್ದದ ಕೆಳಗೆ ಹೋಯಿತು. ಎದುರಿನ ಬರ್ತಿನಲ್ಲಿ ಅಮ್ಮನ ಮಗ್ಗುಲಲ್ಲಿದ್ದ ನಾಲ್ಕೈದು ವರ್ಷದ ಹುಡುಗ ಚಿಟ್ಟನೆ ಚೀರಿದ: "ಅಮ್ಮಾ, ದೆಯ್ಯ!"

ತಾಯಿಗೆ ನಾಚಿಕೆ. ಅಕ್ಕ ಮಾತ್ರ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡು ಗದ್ದದ ಕೆಳಗೇ ಹಿಡಿದು, ಕಣ್ಣರಳಿಸಿ, "ಹೌದ್ ಮಗಾ, ಗುಲ್ವಾಡಿ ದೆಯ್ಯ," ಎಂದಳು. ಹುಡುಗ ಮೊದಲು ಅಮ್ಮನ ಸೆರಗಿನೊಳಗೆ ಹೊಕ್ಕ, ಆಮೇಲೆ ಒಂದು ಕಣ್ಣು ಹೊರಗೆ ಹಾಕಿದ, ಆಮೇಲೆ ನಗತೊಡಗಿದ, ಕೊನೆಗೆ ತನಗೂ ದೆಯ್ಯ ಆಗಬೇಕೆಂದು ಹಟ ಹಿಡಿದ. ಅಕ್ಕ ಅವನನ್ನು ತನ್ನ ಬರ್ತಿಗೆ ಕರೆದು ಟಾರ್ಚು ಕೊಟ್ಟಳು. ಅವನು ಗದ್ದದ ಕೆಳಗೆ ಹಿಡಿದ, ಹಣೆಯ ಮೇಲೆ ಹಿಡಿದ, ಕೆನ್ನೆಗೆ ಒತ್ತಿ ಹಿಡಿದ. ತುಂಬಿದ ಆ ಕೆನ್ನೆಯ ಮೇಲೆ ಬೆಳಕು ಎಲ್ಲಿಂದ ಬಿದ್ದರೂ ಒಂದಿಷ್ಟೂ ನೆರಳು ನಿಲ್ಲುತ್ತಿಲ್ಲ. "ಆತಿಲ್ಲ ಅಜ್ಜಿ," ಎಂದು ಕನ್ನಡಿಯಲ್ಲಿ ಮುಖ ಕಿವಿಚಿದ. ಅಕ್ಕ ಅವನ ಮಣಿಕಟ್ಟು ಹಿಡಿದು, ಸ್ಲೇಟಿನ ಮೇಲೆ ತಿದ್ದಿಸುವಂತೆ, "ಇನ್ನ್ ಸ್ವಲ್ಪ ಮೇಲೆ ಹಿಡಿ," ಎನ್ನುತ್ತಿದ್ದಾಳೆ.